ಕಡ್ಡಿ ಸುಳ್ಳು ಹೇಳಲ್ಲ

'ನೀವು ಕಡ್ಡಿ ಸರಿಸಿದ್ದೀರಿ.' ಹೋದ ವಾರ ನನ್ನ ಹತ್ತಿರ ಗಾಲ್ಫ್ ಕಲಿಯಲು ಬರುವ ಒಬ್ಬ ಹಿರಿಯರು ನನ್ನ ಮೇಲೆ ಹೊರಿಸಿದ ಆರೋಪ ಇದು. ಅವರು ಏಳು ನಂಬರ್ ಐರನ್ ಕ್ಲಬ್ಬು (ಚೆಂಡು ಹೊಡೆಯುವ ಕೋಲು) ಹಿಡಿದು ನಿಂತಿದ್ದಾಗ, ಯಾವ ದಿಕ್ಕಿಗೆ ನಿಂತಿದ್ದಾರೆ ಅಂತ ತೋರಿಸಲು ಶೂ ತುದಿಗೆ ತಾಗಿಸಿ ನೆಲದ ಮೇಲೆ ಒಂದು ಕಡ್ಡಿ ಇಟ್ಟಿದ್ದೆ. ಅವರು ಹಿಂದೆ ಬಂದು ನೋಡಿದರೆ ಅದು ಕುಳಿಯ ಬಾವುಟ ಬಿಟ್ಟು ಬಲಗಡೆಯ ಬಂಕರ್ (ಮರಳಿನ ಗುಂಡಿ) ತೋರಿಸುತ್ತಿತ್ತು. ನಾನು ಮುಟ್ಟಿರಲೇ ಇಲ್ಲ.

ಗ್ರಿಪ್ಪು (ಕ್ಲಬ್ಬಿನ ಹಿಡಿತ), ಸ್ವಿಂಗು (ಬೀಸು) ಎಲ್ಲ ಆಮೇಲೆ ನೋಡೋಣ. ಚೆಂಡಿನ ಪಕ್ಕ ನಿಂತು ಗುರಿ ನೋಡಬೇಡಿ ಅಂತ ಎಷ್ಟು ಸಲ ಹೇಳಲಿ? ಬಂದೂಕಾದರೆ ಕಣ್ಣು ನಳಿಗೆಯ ಹಿಂದಿರುತ್ತದೆ. ಗಾಲ್ಫ್‌ನಲ್ಲಿ ಕಣ್ಣು ಚೆಂಡಿನಿಂದ ಬಾವುಟಕ್ಕೆ ಹೋಗುವ ಗೆರೆಯ ಪಕ್ಕಕ್ಕಿರುತ್ತದೆ, ಅದೂ ಕತ್ತು ತಿರುಗಿಸಿ ನೋಡಬೇಕು. ಎಡ ಭುಜದ ಮೇಲಿಂದ ಬಾವುಟ ಕಂಡ ಕೂಡಲೇ 'ಸರಿಯಾಗಿದೆ' ಅನಿಸುತ್ತದೆ. ಅಷ್ಟರಲ್ಲಿ ಭುಜ, ಸೊಂಟ, ಕಾಲು ಎಲ್ಲವೂ ಬಲಕ್ಕೆ ತಿರುಗಿರುತ್ತವೆ. 150 ಗಜದಲ್ಲಿ 5 ಡಿಗ್ರಿ ತಪ್ಪಿದರೆ ಹತ್ತಿರ ಹತ್ತಿರ 13 ಗಜ ಆಚೆ!

ಎಡಗೈ ಆಟಗಾರರಿಗೆ ಇದೆಲ್ಲ ಉಲ್ಟಾ. ಬಲಗೈಯವರಲ್ಲೂ ಎಲ್ಲರೂ ಬಲಕ್ಕೇ ತಪ್ಪುತ್ತಾರೆ ಅಂತೇನಿಲ್ಲ. ನನ್ನ ಹತ್ತಿರ ಬರುವವರಲ್ಲಿ ಮಾತ್ರ ಬಲಕ್ಕೆ ತಪ್ಪುವವರೇ ಜಾಸ್ತಿ.

ಕೆಟ್ಟದ್ದೇನು ಗೊತ್ತಾ? ಬಲಕ್ಕೆ ನಿಂತವರ ಕೈ ಸುಮ್ನಿರಲ್ಲ. ಚೆಂಡನ್ನು ಎಡಕ್ಕೆ ಎಳೆದು ಹೊಡೆಯುತ್ತದೆ. ಹತ್ತರಲ್ಲಿ ನಾಲ್ಕು ಸಲ ಅದು ಗ್ರೀನ್ (ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಮೇಲೂ ಬೀಳಬಹುದು. ಜೊತೆಯವರು ಭೇಷ್ ಅಂತಾರೆ. ಎರಡು ತಪ್ಪು ಸೇರಿ ಒಂದು ಒಳ್ಳೆ ಹೊಡೆತ ಆಯಿತು ಅನ್ನೋದು ಯಾರಿಗೂ ಕಾಣಲ್ಲ. ಸುಸ್ತಾದ ದಿನ ಕೈ ಎಳೆಯೋದನ್ನು ಮರೆಯುತ್ತದೆ, ಚೆಂಡು ಬಂಕರ್ ಸೇರುತ್ತದೆ. ಆಗ 'ಸ್ವಿಂಗ್ ಕೆಟ್ಟಿದೆ' ಅಂತ ನನ್ನ ಹತ್ತಿರ ಬರುತ್ತಾರೆ.

ಚೆಂಡಿನ ಹಿಂದೆ ನಿಂತು ಬಾವುಟ ನೋಡಿ. ಅದೇ ಗೆರೆಯಲ್ಲಿ, ಚೆಂಡಿಗಿಂತ ಎರಡಡಿ ಮುಂದೆ, ಒಂದು ಒಣಗಿದ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತು ಮಾಡಿಕೊಳ್ಳಿ. ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಸ್ ಮಾಡುತ್ತಿದ್ದದ್ದೂ ಇದನ್ನೇ. ಮೊದಲು ಕ್ಲಬ್ಬಿನ ಮುಖವನ್ನು (ಚೆಂಡಿಗೆ ತಗಲುವ ಭಾಗ) ಆ ಗುರುತಿಗೆ ನೇರ ಮಾಡಿ. ಮುಖದ ಕೆಳ ಅಂಚು ನೋಡಿ, ಮೇಲಂಚಲ್ಲ. ಕಾಲು ಆಮೇಲೆ, ರೈಲು ಹಳಿಯ ಹಾಗೆ ಚೆಂಡಿನ ಗೆರೆಗೆ ಸಮಾನಾಂತರವಾಗಿ. ಕಾಲಿನ ಗೆರೆ ಬಾವುಟಕ್ಕಿಂತ ತುಸು ಎಡಕ್ಕೆ ಹೋಗುತ್ತದೆ, ಹೋಗಲಿ ಬಿಡಿ. ಹಳಿಗಳ ಅಂತರ ಇಲ್ಲಿ ಮೂರಡಿ ಇದ್ದರೆ ಗ್ರೀನ್ ಹತ್ತಿರವೂ ಮೂರೇ ಅಡಿ.

ಕಡ್ಡಿ ಅಭ್ಯಾಸಕ್ಕೆ ಮಾತ್ರ. ಆಟದಲ್ಲಿ ದಿಕ್ಕು ಹಿಡಿಯಲು ಏನನ್ನಾದರೂ ನೆಲದ ಮೇಲಿಟ್ಟು ನಿಂತರೆ ದಂಡ. ಹೊಡೆಯುವ ಮುಂಚೆ ಎತ್ತಿಕೊಂಡರೂ ತಪ್ಪಿಸಿಕೊಳ್ಳಲಾಗಲ್ಲ.

ಆ ಹಿರಿಯರನ್ನು ಹೀಗೇ ನಿಲ್ಲಿಸಿದೆ. 'ಇದು ಪಕ್ಕಾ ಎಡಕ್ಕಿದೆ' ಅಂತ ಗೊಣಗುತ್ತಲೇ ಹೊಡೆದರು. ಚೆಂಡು ಬಾವುಟದ ನೇರಕ್ಕೇ ಹೋಯಿತು. ಈಗ ಅವರು ತಮ್ಮದೇ ಕಡ್ಡಿ ತರುತ್ತಾರೆ. ನನ್ನದರ ಮೇಲೆ ಇನ್ನೂ ಅನುಮಾನ.