ಕಾರ್ವೆಟ್: ಸಣ್ಣ ಯಾರ್ಡುಗಳು ಕಟ್ಟಿದ ಬೆಂಗಾವಲು ನೌಕೆ

ಐಎನ್‌ಎಸ್ ಕಮೋರ್ತಾ, ಕದ್ಮತ್, ಕಿಲ್ತಾನ್, ಕವರತ್ತಿ ಹಡಗುಗಳ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಜಲಾಂತರ್ಗಾಮಿ ನಿಗ್ರಹ ಕಾರ್ವೆಟ್’ ಎಂಬ ಮಾತು ಕಾಣಿಸುತ್ತದೆ. ಕಾರ್ವೆಟ್ ಎಂದರೆ ಸಣ್ಣ ಯುದ್ಧನೌಕೆ ಎಂದು ಹೇಳಿದರೆ ತಪ್ಪೇನಲ್ಲ. ಆದರೆ ಆ ಅರ್ಥದಿಂದ ವಿಷಯ ತಿಳಿಯುವುದಿಲ್ಲ. ಎಷ್ಟು ಸಣ್ಣದು, ಯಾಕೆ ಸಣ್ಣದು ಎಂದು ಕೇಳಿದರೆ ಉತ್ತರಕ್ಕೆ ಎರಡನೇ ಮಹಾಯುದ್ಧದ ಶಿಪ್‌ಯಾರ್ಡುಗಳಿಗೇ ಹೋಗಬೇಕು. ಈ ಹಡಗಿನ ಉದ್ದ, ಎಂಜಿನ್, ತಳದ ಆಕಾರ ಎಲ್ಲವನ್ನೂ ತೀರ್ಮಾನಿಸಿದ್ದು ತೋಪುಗಳಲ್ಲ, ಕಟ್ಟುವವರ ಕೈಲಿದ್ದ ಸಲಕರಣೆ.

ಪದ ಹಳೆಯದು, ಫ್ರೆಂಚ್ ಮೂಲದ್ದು. ಹಾಯಿಹಡಗುಗಳ ಕಾಲದಲ್ಲಿ ಫ್ರಿಗೇಟಿಗಿಂತ ಕೆಳಗಿನ ದರ್ಜೆಯ ನೌಕೆಗೆ ಈ ಹೆಸರಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆ ತಪ್ಪಿತು. 1939ರಲ್ಲಿ ಬ್ರಿಟನ್ ಹೊಸ ಬೆಂಗಾವಲು ನೌಕೆಗಳಿಗೆ ಆರ್ಡರ್ ಕೊಟ್ಟಾಗ ಕಡತದಲ್ಲಿದ್ದ ಹೆಸರು ‘ತಿಮಿಂಗಿಲ ಬೇಟೆ ಹಡಗಿನ ಮಾದರಿಯ ಗಸ್ತು ನೌಕೆ’ ಎಂದು. ಅಷ್ಟುದ್ದದ ಹೆಸರನ್ನು ಬಿಟ್ಟು ಕಾರ್ವೆಟ್ ಎಂಬ ಹಳೆಯ ಪದವನ್ನು ಮತ್ತೆ ಚಾಲ್ತಿಗೆ ತಂದವರು ವಿನ್‌ಸ್ಟನ್ ಚರ್ಚಿಲ್.

ಆ ಉದ್ದದ ಹೆಸರಿನಲ್ಲೇ ಕಥೆಯ ತಿರುಳಿದೆ. ಸರಕು ಹಡಗುಗಳ ಸಾಲನ್ನು ಜರ್ಮನ್ ಸಬ್‌ಮರೀನುಗಳಿಂದ ಕಾಯಲು ನೂರಾರು ನೌಕೆ ಬೇಕಿತ್ತು. ಡಿಸ್ಟ್ರಾಯರ್ ಎಂಬ ವೇಗದ, ದೊಡ್ಡ ಯುದ್ಧನೌಕೆ ಕಟ್ಟಬಲ್ಲ ದೊಡ್ಡ ಯಾರ್ಡುಗಳ ಕೈತುಂಬ ಕೆಲಸವಿತ್ತು. ಉಳಿದವು ಮೀನುಗಾರಿಕೆಯ ಟ್ರಾಲರ್, ಟಗ್, ಸಣ್ಣ ಸರಕು ಹಡಗು ಕಟ್ಟುತ್ತಿದ್ದ ಯಾರ್ಡುಗಳು. ಅವಕ್ಕೆ ನೌಕಾಪಡೆಯ ಕೆಲಸದ ಅಭ್ಯಾಸವಿರಲಿಲ್ಲ. ಆಗ ಇಂಗ್ಲೆಂಡಿನ ಟೀಸ್ ನದಿಯ ದಂಡೆಯ ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್, ತಮ್ಮದೇ ಯಾರ್ಡಿನಲ್ಲಿ 1936ರಲ್ಲಿ ಕಟ್ಟಿದ್ದ ‘ಸದರ್ನ್ ಪ್ರೈಡ್’ ಎಂಬ ತಿಮಿಂಗಿಲ ಬೇಟೆ ಹಡಗನ್ನು ಹಿಗ್ಗಿಸಿ ಒಂದು ನಕ್ಷೆ ಮಾಡಿಕೊಟ್ಟರು. 1939ರ ಜುಲೈನಲ್ಲಿ, ಯುದ್ಧ ಶುರುವಾಗುವ ಮುಂಚೆಯೇ, ಮೊದಲ ಆರ್ಡರ್ ಹೋಯಿತು. ಮೊದಲ ಹಡಗು ‘ಗ್ಲಾಡಿಯೋಲಸ್’ 1940ರ ಜನವರಿಯಲ್ಲಿ ನೀರಿಗಿಳಿದು ಏಪ್ರಿಲ್‌ನಲ್ಲಿ ಸೇವೆಗೆ ಸೇರಿತು. ಹೂಗಳ ಹೆಸರಿಟ್ಟದ್ದರಿಂದ ಈ ವರ್ಗಕ್ಕೆ ‘ಫ್ಲವರ್’ ಎಂದೇ ಹೆಸರು.

ಉದ್ದ 205 ಅಡಿ, ಅಗಲ 33 ಅಡಿ, ತೂಕ ಸುಮಾರು 925 ಟನ್. ಒಂದೇ ಪ್ರೊಪೆಲ್ಲರ್, ವೇಗ 16 ನಾಟ್ (ಗಂಟೆಗೆ ಸುಮಾರು 30 ಕಿ.ಮೀ.). ಮುಂಭಾಗದಲ್ಲಿ 4 ಇಂಚಿನ ಒಂದು ತೋಪು, ಹಿಂಭಾಗದಲ್ಲಿ 40 ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಸ್ಫೋಟಕದ ಪೀಪಾಯಿ), ತಳದಲ್ಲಿ ನೀರೊಳಗೆ ಶಬ್ದ ಕಳಿಸಿ ಮಾರ್ದನಿ ಕೇಳುವ ಅಸ್ಡಿಕ್ ಉಪಕರಣ. ಕಾರ್ವೆಟ್ ಎಂದರೆ ಮೂಲತಃ ಇಷ್ಟು.

ಎಂಜಿನ್ ಆಯ್ಕೆಯನ್ನು ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಡಿಸ್ಟ್ರಾಯರಿಗೆ ಬೇಕಾದ ಉಗಿ ಟರ್ಬೈನು ಬಹಳ ವೇಗವಾಗಿ ತಿರುಗುತ್ತದೆ, ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ನಡುವೆ ಗೇರ್ ಬೇಕು. ಆ ದೊಡ್ಡ ಗೇರಿನ ಹಲ್ಲುಗಳನ್ನು ಕರಾರುವಾಕ್ಕಾಗಿ ಕೊರೆಯುವ ಯಂತ್ರಗಳು ಕೆಲವೇ ಕಾರ್ಖಾನೆಗಳಲ್ಲಿದ್ದವು. ಟರ್ಬೈನಿನ ಗೊಡವೆಗೇ ಹೋಗದೆ ಕಾರ್ವೆಟ್ಟಿಗೆ ಹಾಕಿದ್ದು ಹಳೆಯ ಪಿಸ್ಟನ್ ಎಂಜಿನ್. ನಾಲ್ಕು ಸಿಲಿಂಡರು, ಉಗಿಯ ಹಿಗ್ಗುವಿಕೆ ಮೂರು ಹಂತದಲ್ಲಿ. ಬಾಯ್ಲರಿನಿಂದ ಬಂದ ಉಗಿ ಮೊದಲು ಚಿಕ್ಕ ಸಿಲಿಂಡರನ್ನು ತಳ್ಳುತ್ತದೆ, ಒತ್ತಡ ಇಳಿದ ಉಗಿ ಅದಕ್ಕಿಂತ ದೊಡ್ಡದನ್ನು, ಕೊನೆಗೆ ಉಳಿದ ಉಗಿ ಎರಡು ದೊಡ್ಡ ಸಿಲಿಂಡರುಗಳನ್ನು. ಒಟ್ಟು 2,750 ಅಶ್ವಶಕ್ತಿ. ಬಾಯ್ಲರ್ ಕೂಡ ಸರಕು ಹಡಗಿನ ಮಾದರಿಯದೇ: ದೊಡ್ಡ ಪೀಪಾಯಿಯಂಥ ತೊಟ್ಟಿಯಲ್ಲಿ ನೀರು, ಅದರೊಳಗಿನ ಕೊಳವೆಗಳಲ್ಲಿ ಬೆಂಕಿಯ ಬಿಸಿಗಾಳಿ. ಉಗಿ ಏರಲು ಹೊತ್ತು ಹಿಡಿಯುತ್ತದೆ, ಆದರೆ ರಿಪೇರಿ ಸುಲಭ. ಇನ್ನೊಂದು ಲಾಭವೂ ಇತ್ತು. ಈ ಹಡಗುಗಳಿಗೆ ಬಂದವರಲ್ಲಿ ಬಹುಪಾಲು ವ್ಯಾಪಾರಿ ಹಡಗುಗಳಿಂದ ಬಂದ ಮೀಸಲು ಸಿಬ್ಬಂದಿ. ಇಂಥ ಎಂಜಿನ್ ಅವರಿಗೆ ಹೊಸದಾಗಿರಲಿಲ್ಲ.

ಇನ್ನು ಕಟ್ಟುವ ಕೆಲಸ. ಮೊದಲು ವಿಶಾಲವಾದ ಅಟ್ಟದ ನೆಲದ ಮೇಲೆ ಹಡಗಿನ ಗೆರೆಗಳನ್ನು ಪೂರ್ಣ ಅಳತೆಯಲ್ಲಿ ಬಿಡಿಸುತ್ತಾರೆ. ಅದರಿಂದ ತೆಳು ಮರದ ಅಚ್ಚು ತೆಗೆದು ಉಕ್ಕಿನ ತಗಡಿನ ಮೇಲಿಟ್ಟು, ತಗಡುಗಳನ್ನು ಜೋಡಿಸುವ ಮೊಳೆಯಂಥ ರಿವೆಟ್‌ಗೆ ತೂತುಗಳ ಗುರುತು ಹಾಕುತ್ತಾರೆ. ಪಕ್ಕೆಲುಬುಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತೂತುಗಳಿರುವ ಕಬ್ಬಿಣದ ಹಾಸಿನ ಮೇಲೆ ಗೂಟ ನೆಟ್ಟು ಬಗ್ಗಿಸುತ್ತಾರೆ. ಆಮೇಲೆ ರಿವೆಟ್. ಒಬ್ಬ ಕಾಯಿಸುತ್ತಾನೆ, ಒಬ್ಬ ತಂದು ತೂತಿಗೆ ಹಾಕುತ್ತಾನೆ, ಒಬ್ಬ ಒಳಗಿನಿಂದ ಭಾರ ಒತ್ತಿ ಹಿಡಿಯುತ್ತಾನೆ, ಹೊರಗಿನವರು ಬಡಿಯುತ್ತಾರೆ. ರಿವೆಟ್ ತಣ್ಣಗಾಗುತ್ತ ಕುಗ್ಗಿ ಎರಡು ತಗಡುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಕಾವು ಸಾಲದೆ ಬಡಿದರೆ ತೂತು ಪೂರ್ತಿ ತುಂಬುವುದಿಲ್ಲ, ಅಲ್ಲಿ ನೀರು ಜಿನುಗುತ್ತದೆ. ಪರೀಕ್ಷೆ ಮಾಡುವವನು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟುತ್ತಾನೆ. ಬಿಗಿಯಾದ ರಿವೆಟ್ ಗಟ್ಟಿ ಸದ್ದು ಕೊಡುತ್ತದೆ. ಸಡಿಲವಾದದ್ದು ಬೆರಳಿಗೇ ತಿಳಿಯುತ್ತದೆ. ತಗಡಿನ ದಪ್ಪ, ಜೋಡಣೆ ಎಲ್ಲ ವ್ಯಾಪಾರಿ ಹಡಗಿನ ನಿಯಮದಂತೆಯೇ ಇದ್ದುದರಿಂದ ಯಾರ್ಡಿನವರು ಹೊಸದಾಗಿ ಏನನ್ನೂ ಕಲಿಯಬೇಕಿರಲಿಲ್ಲ.

ತಡವಾಗುತ್ತಿದ್ದುದು ಒಡಲು ನೀರಿಗಿಳಿದ ಮೇಲೆ. ಬಾಯ್ಲರ್, ಎಂಜಿನ್, ಪಂಪು, ಕವಾಟ, ವೈರಿಂಗ್, ಅಸ್ಡಿಕ್, ತೋಪು ಒಂದೊಂದೂ ಒಂದೊಂದು ಊರಿನಿಂದ ಬರಬೇಕು. ಒಂದು ಕವಾಟ ಬರದಿದ್ದರೂ ಹಡಗು ಕಟ್ಟೆಯಲ್ಲೇ ನಿಲ್ಲುತ್ತದೆ, ಅದರ ಹಿಂದೆ ಕಾದಿರುವ ಹಡಗಿಗೆ ಜಾಗ ಸಿಗುವುದಿಲ್ಲ. ಈ ಹಡಗುಗಳನ್ನು ಕೆನಡಾದಲ್ಲೂ ಕಟ್ಟಿದರು, ಅಲ್ಲಿ ಇದರ ಜೊತೆಗೆ ಹಿಮ. ಗ್ರೇಟ್ ಲೇಕ್ಸ್ ದಂಡೆಯ ಯಾರ್ಡುಗಳಲ್ಲಿ ಕಟ್ಟಿದ ಹಡಗು ಸೇಂಟ್ ಲಾರೆನ್ಸ್ ನದಿಯ ಕಾಲುವೆ, ಲಾಕ್‌ಗಳನ್ನು (ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸುವ ಬಾಗಿಲಿನ ತೊಟ್ಟಿಗಳನ್ನು) ದಾಟಿ ಕಡಲು ಸೇರಬೇಕು. 205 ಅಡಿಯ ಕಾರ್ವೆಟ್ ಆ ಲಾಕ್‌ಗಳಲ್ಲಿ ಹಿಡಿಸುತ್ತಿತ್ತು, ಮುಂದೆ ಬಂದ 300 ಅಡಿಯ ಫ್ರಿಗೇಟ್ ಹಿಡಿಸುತ್ತಿರಲಿಲ್ಲ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುವ ಮೊದಲು ಹಡಗನ್ನು ಹೊರಗೆ ಹಾಕಲೇಬೇಕು, ಇಲ್ಲವಾದರೆ ವಸಂತದವರೆಗೆ ಸಿಕ್ಕಿಬಿದ್ದಂತೆ. ಹಾಗಾಗಿ ಅರ್ಧ ಮುಗಿದ ಹಡಗುಗಳನ್ನೇ ಕಡಲ ಬಂದರುಗಳಿಗೆ ಸಾಗಿಸಿ ಅಲ್ಲಿ ಪೂರ್ತಿ ಮಾಡಿದರು. ಕೆಲವು ಹಡಗುಗಳು ಮರದ ಡಮ್ಮಿ ತೋಪು ಇಟ್ಟುಕೊಂಡು ಅಟ್ಲಾಂಟಿಕ್ ದಾಟಿದವು.

ನಕ್ಷೆಯಲ್ಲೂ ಒಂದು ದೊಡ್ಡ ಕೊರತೆಯಿತ್ತು. ಇವು ಬ್ರಿಟನ್ನಿನ ಕರಾವಳಿಗೆಂದು ಯೋಚಿಸಿದ ಹಡಗುಗಳು. 1940ರಲ್ಲಿ ಫ್ರಾನ್ಸ್ ಸೋತು ಅದರ ಬಂದರುಗಳು ಜರ್ಮನ್ ಸಬ್‌ಮರೀನುಗಳಿಗೆ ಸಿಕ್ಕ ಮೇಲೆ ಇವನ್ನು ನಡು ಅಟ್ಲಾಂಟಿಕ್ಕಿಗೆ ಕಳಿಸಬೇಕಾಯಿತು. ಮೂಲ ನಕ್ಷೆಯಲ್ಲಿ ಮುಂಭಾಗದ ಎತ್ತರದ ಡೆಕ್ ಸ್ವಲ್ಪ ದೂರಕ್ಕೇ ಮುಗಿಯುತ್ತದೆ. ಅದರ ಹಿಂದೆ ತಗ್ಗಿನ ಬಯಲು ಡೆಕ್. ನಾವಿಕರು ಮಲಗುವ, ಉಣ್ಣುವ ಜಾಗ ಮುಂದೆ, ಅಡುಗೆಮನೆ ಹಿಂದೆ. ಬಿಸಿ ಸಾರಿನ ಪಾತ್ರೆ ಹಿಡಿದವನು ಅಲೆ ಅಪ್ಪಳಿಸುವ ಆ ತಗ್ಗನ್ನು ದಾಟಿಯೇ ಬರಬೇಕು. ಊಟ ತಣ್ಣಗಾಗುತ್ತಿತ್ತು, ಬಹಳ ಸಲ ಉಪ್ಪುನೀರು ಬೆರೆಯುತ್ತಿತ್ತು, ಮಲಗುವ ಜಾಗದೊಳಗೂ ನೀರು. ಮುಂಭಾಗದ ಡೆಕ್ಕನ್ನು ಹಿಂದಕ್ಕೆ ನಡುಹಡಗಿನವರೆಗೆ ಚಾಚಿದ ಮೇಲೆ ಈ ಗೋಳು ತಪ್ಪಿತು, ಹೆಚ್ಚಿನ ಜನರಿಗೆ ಜಾಗವೂ ಆಯಿತು. 85 ಜನರಿಗೆಂದು ಮಾಡಿದ ಹಡಗಿನಲ್ಲಿ ಆ ಹೊತ್ತಿಗೆ ನೂರು ದಾಟಿದ್ದರು. ಒಂದು ಡೆಕ್ ಚಾಚುವ ಈ ಬದಲಾವಣೆಯಷ್ಟು ಉಪಕಾರ ಮಾಡಿದ ಸುಧಾರಣೆ ಈ ಹಡಗುಗಳ ಚರಿತ್ರೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ದಿನಗಟ್ಟಲೆ ಒದ್ದೆ ಬಟ್ಟೆಯಲ್ಲಿ ನಿದ್ದೆಗೆಟ್ಟವನು ಅಸ್ಡಿಕ್‌ನ ಸಣ್ಣ ಮಾರ್ದನಿಯನ್ನು ಹೇಗೆ ಹಿಡಿದಾನು?

ತಿಮಿಂಗಿಲ ಬೇಟೆಯ ಒಡಲು ಗಿಡ್ಡ, ಅಗಲ. ಚಕ್ಕನೆ ತಿರುಗುತ್ತದೆ, ಎಂಥ ಅಲೆಯಲ್ಲೂ ತೇಲುತ್ತದೆ, ಆದರೆ ವಿಪರೀತ ಹೊರಳುತ್ತದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೂ ಹೊರಳೀತು ಎಂದು ನಾವಿಕರೇ ಹೇಳುತ್ತಿದ್ದರು. ವೇಗವೂ ಸಾಲದು. ಜರ್ಮನಿಯ ಏಳನೇ ಮಾದರಿಯ ಸಬ್‌ಮರೀನ್ ನೀರಿನ ಮೇಲೆ 17 ನಾಟ್ ದಾಟುತ್ತಿತ್ತು. ಅಟ್ಟಿಸಿಕೊಂಡು ಹೋದರೆ ಕಾರ್ವೆಟ್ಟೇ ಹಿಂದುಳಿಯುತ್ತದೆ. ಅದರ ನಿಜವಾದ ಕೆಲಸ ಸಬ್‌ಮರೀನನ್ನು ನೀರೊಳಗೆ ಅಟ್ಟಿ ಅಲ್ಲೇ ಇರಿಸುವುದು. ಮುಳುಗಿದ ಸಬ್‌ಮರೀನ್ ಬ್ಯಾಟರಿಯ ಮೇಲೆ ತೆವಳುತ್ತದೆ, ಅಷ್ಟರಲ್ಲಿ ಸರಕು ಹಡಗುಗಳು ದೂರವಾಗುತ್ತವೆ.

ಡೆಪ್ತ್ ಚಾರ್ಜ್ ಹಾಕುವುದೂ ಸಲೀಸಲ್ಲ. ಅಸ್ಡಿಕ್‌ನ ಶಬ್ದ ಮುಂದಕ್ಕೆ ಹೋಗುತ್ತದೆ, ನೇರ ಕೆಳಕ್ಕಲ್ಲ. ಹಡಗು ಗುರಿಯ ಮೇಲೆ ಬರುವ ಹೊತ್ತಿಗೆ ಮಾರ್ದನಿ ನಿಲ್ಲುತ್ತದೆ. ಸ್ಫೋಟಕದ ಪೀಪಾಯಿ ಸೆಕೆಂಡಿಗೆ ಸುಮಾರು 10 ಅಡಿಯಂತೆ ಮುಳುಗುತ್ತದೆ, ಅಂದರೆ 300 ಅಡಿಗೆ ಅರ್ಧ ನಿಮಿಷ. ಅಷ್ಟರಲ್ಲಿ ಸಬ್‌ಮರೀನ್ ಪಕ್ಕಕ್ಕೆ ಸರಿದಿರುತ್ತದೆ. ಮುಂದೆ ಬಂದ ಹೆಡ್ಜ್‌ಹಾಗ್ ಎಂಬ ಆಯುಧ 24 ಸಣ್ಣ ಬಾಂಬುಗಳನ್ನು ಹಡಗಿನ ಮುಂದಕ್ಕೇ ಎಸೆಯುತ್ತಿತ್ತು. ತಗುಲಿದರೆ ಮಾತ್ರ ಸಿಡಿಯುವ ಬಾಂಬುಗಳಾದ್ದರಿಂದ ಮಾರ್ದನಿ ಕೆಡುತ್ತಿರಲಿಲ್ಲ. ಅದಕ್ಕೆ ಗೈರೋ ದಿಕ್ಸೂಚಿ ಬೇಕು, ಅಂದರೆ ಅಯಸ್ಕಾಂತದ ಬದಲು ವೇಗವಾಗಿ ತಿರುಗುವ ಚಕ್ರದಿಂದ ದಿಕ್ಕು ತೋರಿಸುವಂಥದು. ಕೆನಡಾದ ಬಹಳಷ್ಟು ಕಾರ್ವೆಟ್ಟುಗಳಲ್ಲಿ ಮೊದಲಿಗೆ ಇದ್ದದ್ದು ಬರೀ ಅಯಸ್ಕಾಂತದ ದಿಕ್ಸೂಚಿ. ಹಡಗು ಹೊರಳಿದಂತೆ ಅದರ ಮುಳ್ಳೂ ತೂಗಾಡುತ್ತಿತ್ತು.

ಕಾರ್ವೆಟ್ಟಿನ ಇನ್ನೊಂದು ಮುಖ ಮೈನ್‌ಸ್ವೀಪಿಂಗ್, ಅಂದರೆ ಕಡಲಲ್ಲಿ ಹುದುಗಿಸಿದ ಮೈನು ಎಂಬ ಸ್ಫೋಟಕಗಳನ್ನು ಗುಡಿಸುವುದು. ಆಸ್ಟ್ರೇಲಿಯಾ ಕಟ್ಟಿದ 186 ಅಡಿಯ ‘ಬಾಥರ್ಸ್ಟ್’ ವರ್ಗಕ್ಕೆ ಸರಕಾರಿ ಹೆಸರು ‘ಆಸ್ಟ್ರೇಲಿಯನ್ ಮೈನ್‌ಸ್ವೀಪರ್’, ಜನ ಕರೆದದ್ದು ಕಾರ್ವೆಟ್ ಎಂದೇ. ಎಂಟು ಯಾರ್ಡುಗಳಲ್ಲಿ ಒಟ್ಟು 60 ಹಡಗು. ಒಂದೇ ಹಡಗಿನಿಂದ ಎರಡೂ ಕೆಲಸ ತೆಗೆಯುವುದು ಕೇಳಲು ಚೆನ್ನ. ಆದರೆ ಡೆಪ್ತ್ ಚಾರ್ಜ್ ಹಳಿಗೂ ಗುಡಿಸುವ ತಂತಿಯ ವಿಂಚಿಗೂ ಬೇಕಾದದ್ದು ಅದೇ ಹಿಂಭಾಗದ ಡೆಕ್. ಒಂದಕ್ಕೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಇಕ್ಕಟ್ಟು.

ಗುಡಿಸುವ ಹಳೆಯ ಕ್ರಮ ಹೀಗೆ. ಮೈನ್ ಕಡಲ ತಳದ ಭಾರಕ್ಕೆ ತಂತಿಯಿಂದ ಕಟ್ಟಿಕೊಂಡು ನೀರಿನ ಮಟ್ಟಕ್ಕಿಂತ ತುಸು ಕೆಳಗೆ ತೇಲುತ್ತದೆ. ಅದರ ಕೊಂಬು ಸೀಸದ್ದು, ಒಳಗೆ ಆಮ್ಲದ ಗಾಜಿನ ಶೀಶೆ. ಹಡಗು ತಾಗಿ ಶೀಶೆ ಒಡೆದರೆ ಆಮ್ಲವೇ ಬ್ಯಾಟರಿಯಾಗಿ ಸ್ಫೋಟಕಕ್ಕೆ ಕಿಡಿ ಕೊಡುತ್ತದೆ. ಮೈನ್‌ಸ್ವೀಪರ್ ಗರಗಸದಂಥ ಉಕ್ಕಿನ ತಂತಿಯನ್ನು ಓರೆಯಾಗಿ ಎಳೆಯುತ್ತದೆ. ಹಡಗಿನ ಬಳಿಯ ಹಲಗೆ ತಂತಿಯನ್ನು ಕೆಳಕ್ಕೆ ಒತ್ತುತ್ತದೆ, ತುದಿಯ ಹಲಗೆ ಹೊರಕ್ಕೆ ಎಳೆಯುತ್ತದೆ, ಮೇಲಿನ ತೇಲುಬುರುಡೆ ಆಳವನ್ನು ಕಾಯುತ್ತದೆ. ಮೈನಿನ ತಂತಿ ಇದಕ್ಕೆ ಸಿಕ್ಕಿ ಜಾರುತ್ತ ಹೋಗಿ ಕತ್ತರಿಗೆ ಬಿದ್ದು ತುಂಡಾಗುತ್ತದೆ. ಮೇಲೆ ತೇಲಿದ ಮೈನನ್ನು ಬಂದೂಕಿನಿಂದ ಹೊಡೆದು ಮುಳುಗಿಸುತ್ತಾರೆ ಇಲ್ಲವೇ ಸಿಡಿಸುತ್ತಾರೆ. ಹಿಂದಿನ ಹಡಗುಗಳು ಮುಂದಿನದು ಗುಡಿಸಿದ ಪಟ್ಟಿಯೊಳಗೇ ಓರೆಸಾಲಿನಲ್ಲಿ ಬರುತ್ತವೆ. ಗುಡಿಸದ ನೀರಿನಲ್ಲಿ ಹೋಗುವುದು ಮುಂದಾಳು ಹಡಗು ಒಂದೇ. ಯುದ್ಧ ಮುಗಿದರೂ ಈ ಅಪಾಯ ಮುಗಿಯಲಿಲ್ಲ: ಬಾಥರ್ಸ್ಟ್ ವರ್ಗದ ‘ವಾರ್ನಂಬೂಲ್’ 1947ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾವೇ ಹಾಕಿದ್ದ ಮೈನುಗಳನ್ನು ತೆಗೆಯುವಾಗ ಮೈನ್ ತಾಗಿ ಮುಳುಗಿತು.

ಅಯಸ್ಕಾಂತದ ಮೈನು ಬಂದಾಗ ಕಟ್ಟುವ ರೀತಿಯೇ ತೊಡಕಾಯಿತು. ಉಕ್ಕಿನ ಒಡಲು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ, ಸಾವಿರಾರು ರಿವೆಟ್‌ಗಳ ಬಡಿತ ಬೀಳುತ್ತದೆ. ಆ ಬಡಿತದಿಂದ ಭೂಮಿಯ ಕಾಂತತ್ವ ಉಕ್ಕಿನಲ್ಲಿ ನೆಲೆ ನಿಲ್ಲುತ್ತದೆ. ಕಡಲ ತಳದಲ್ಲಿ ಮಲಗಿದ ಮೈನ್ ಆ ಕಾಂತತ್ವವನ್ನು ಗುರುತಿಸಿ ಸಿಡಿಯುತ್ತದೆ, ಹಡಗು ತಾಗಲೇಬೇಕೆಂದಿಲ್ಲ. 1939ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಶೂಬರಿನೆಸ್ ಕೆಸರುದಂಡೆಗೆ ಬಿದ್ದ ಇಂಥದೊಂದು ಮೈನನ್ನು ಜಾನ್ ಔವ್ರಿ ಬಿಚ್ಚಿದ ಮೇಲೆ ಗುಟ್ಟು ತಿಳಿಯಿತು. ಹಡಗಿನ ಸುತ್ತ ತಾಮ್ರದ ಕೇಬಲ್ ಸುತ್ತಿ ವಿದ್ಯುತ್ ಹರಿಸಿ ಕಾಂತತ್ವವನ್ನು ಅಳಿಸುವುದು ಒಂದು ಉಪಾಯ. ಎರಡು ಹಡಗುಗಳು ಅಕ್ಕಪಕ್ಕ ಸಾಗುತ್ತ ತೇಲುವ ಕೇಬಲ್ ಎಳೆದು, ಕಡಲ ನೀರಿನ ಮೂಲಕವೇ ಬಿಟ್ಟು ಬಿಟ್ಟು ವಿದ್ಯುತ್ ಹರಿಸಿ ಮೈನನ್ನು ದೂರದಲ್ಲೇ ಸಿಡಿಸುವುದು ಇನ್ನೊಂದು. ಮರದ ಮೈನ್‌ಸ್ವೀಪರುಗಳು ಮತ್ತೆ ಬೇಕಾದದ್ದು ಈ ಕಾರಣಕ್ಕೇ. ಭಾರತೀಯ ನೌಕಾಪಡೆ 1956ರ ಸುಮಾರಿಗೆ ಬ್ರಿಟನ್ನಿನಿಂದ ತಂದ ‘ಟನ್’ ವರ್ಗದ ಮೈನ್‌ಸ್ವೀಪರುಗಳಿಗೆ ಅಲ್ಯೂಮಿನಿಯಂ ಪಕ್ಕೆಲುಬು, ಮಹಾಗನಿ ಹಲಗೆ. ಅವುಗಳಲ್ಲಿ ಒಂದರ ಹೆಸರು ನಮ್ಮ ಕಾರವಾರದ್ದು. 1986ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಮೈನ್‌ಸ್ವೀಪರಿಗೂ ಮತ್ತೆ ಅದೇ ಹೆಸರಿಟ್ಟರು.

ಯುದ್ಧಕಾಲದ ಕಾರ್ವೆಟ್ ಭಾರತಕ್ಕೂ ಬಂದಿತ್ತು. ಆಸ್ಟ್ರೇಲಿಯಾದಲ್ಲಿ ಕಟ್ಟಿದ ಬಂಗಾಳ, ಬಾಂಬೆ, ಮದ್ರಾಸ್, ಪಂಜಾಬ್ ಎಂಬ ನಾಲ್ಕು ಬಾಥರ್ಸ್ಟ್ ಹಡಗುಗಳು ರಾಯಲ್ ಇಂಡಿಯನ್ ನೇವಿಗೆ ಸೇರಿದವು. ‘ಬಂಗಾಳ’ ಸಿಡ್ನಿಯ ಕಾಕಟೂ ದ್ವೀಪದಲ್ಲಿ ಕಟ್ಟಿದ್ದು. 1942ರ ನವೆಂಬರ್ 11ರಂದು ಡಚ್ ತೈಲ ಹಡಗು ‘ಒಂದಿನಾ’ಕ್ಕೆ ಬೆಂಗಾವಲಾಗಿ ಹಿಂದೂ ಮಹಾಸಾಗರ ದಾಟುವಾಗ 10,000 ಟನ್ ಮೀರಿದ ಎರಡು ಶಸ್ತ್ರಸಜ್ಜಿತ ಜಪಾನಿ ಹಡಗುಗಳು ಎದುರಾದವು. ‘ಬಂಗಾಳ’ದ ಮುಖ್ಯ ಆಯುಧ 3 ಇಂಚಿನ ಒಂದು ತೋಪು. ‘ಒಂದಿನಾ’ದಲ್ಲಿ 4 ಇಂಚಿನದೊಂದು. ಕಾಳಗದಲ್ಲಿ ‘ಹೊಕೊಕು ಮಾರು’ ಸಿಡಿದು ಮುಳುಗಿತು, ಇನ್ನೊಂದು ಹಿಂದೆ ಸರಿಯಿತು. ಮುಳುಗಿಸಿದ ಗುಂಡು ಯಾರದೆಂಬ ಚರ್ಚೆ ಇಂದಿಗೂ ಇದೆ, ಆದರೆ ಬೆಂಗಾವಲು ನೌಕೆಯೂ ತೈಲ ಹಡಗೂ ಎರಡೂ ಬದುಕಿ ಬಂದರು ಸೇರಿದವು.

ಫ್ರಿಗೇಟ್ ಪದವೂ ಕಾರ್ವೆಟ್ಟಿನ ಬೆನ್ನಿಗೇ ಮರಳಿತು. ಅದೇ ಪಿಸ್ಟನ್ ಎಂಜಿನ್ ಎರಡನ್ನು ಹಾಕಿ 301 ಅಡಿಗೆ ಬೆಳೆಸಿ 20 ನಾಟ್ ವೇಗ ತೆಗೆದ ‘ರಿವರ್’ ವರ್ಗಕ್ಕೆ ಮೊದಲು ಇದ್ದ ಹೆಸರು ‘ಜೋಡಿ ಪ್ರೊಪೆಲ್ಲರ್ ಕಾರ್ವೆಟ್’. ಇಂದು ಕಾರ್ವೆಟ್ ಎಂದರೆ ಫ್ರಿಗೇಟಿಗಿಂತ ಒಂದು ದರ್ಜೆ ಚಿಕ್ಕದು ಎಂಬ ಅಳತೆ ಉಳಿದಿದೆ, ಟನ್ ಲೆಕ್ಕ ಮಾತ್ರ ಬೆಳೆದಿದೆ. ಕೋಲ್ಕತ್ತದ ಗಾರ್ಡನ್ ರೀಚ್ ಶಿಪ್‌ಯಾರ್ಡ್ ಕಟ್ಟಿದ ಕಮೋರ್ತಾ 3,000 ಟನ್ ಮೀರುತ್ತದೆ, ಫ್ಲವರ್ ವರ್ಗದ ಮೂರು ಹಡಗು ಸೇರಿಸಿದಷ್ಟು.

ಇನ್ನೂರೈವತ್ತಕ್ಕೂ ಹೆಚ್ಚಿದ್ದ ಫ್ಲವರ್ ಹಡಗುಗಳಲ್ಲಿ ಈಗ ಉಳಿದಿರುವುದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ‘ಸ್ಯಾಕ್‌ವಿಲ್’ ಒಂದೇ. ಅದನ್ನು 1944ರಲ್ಲಿದ್ದ ರೂಪಕ್ಕೆ ತಂದು ಕಾಪಾಡಿದ್ದಾರೆ, ಅಂದರೆ ಮುಂಭಾಗದ ಡೆಕ್ ಚಾಚಿದ ಮೇಲಿನ ರೂಪ. ಸಾರಿನ ಪಾತ್ರೆ ಹಿಡಿದು ದಾಟಬೇಕಿದ್ದ ಆ ಬಯಲು ತಗ್ಗನ್ನು ನೋಡಬೇಕೆಂದರೆ ಈಗ ಹಳೆಯ ಫೋಟೋಗಳೇ ಗತಿ.