ಲಾಂಡ್ರಿ ಅಂಗಡಿಗೆ ಯಾವ ಹೆಚ್ಚುವರಿ ಸೇವೆ ಸೇರಿಸಬೇಕು? ಡ್ರೈಯರ್ ನಿಮಿಷದ ಲೆಕ್ಕ

ಬೆಂಗಳೂರು, ಮೈಸೂರಿನಂಥ ಊರಿನಲ್ಲಿ ಕೆ.ಜಿ. ಲೆಕ್ಕಕ್ಕೆ ಬಟ್ಟೆ ಒಗೆದು ಮಡಚಿಕೊಡುವ ಸಣ್ಣ ಅಂಗಡಿಯೊಂದನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. 10 ಕೆ.ಜಿ.ಯ ಎರಡು ವಾಷಿಂಗ್ ಮಷಿನ್, 10 ಕೆ.ಜಿ.ಯ ಒಂದು ಡ್ರೈಯರ್, ಒಂದು ಇಸ್ತ್ರಿ ಮೇಜು, ಇಬ್ಬರು ಕೆಲಸಗಾರರು. ಬಾಡಿಗೆ, ಸಂಬಳ, ಮಷಿನ್ ಕಂತು ಬಟ್ಟೆ ಬಂದರೂ ಕಟ್ಟಬೇಕು, ಬರದಿದ್ದರೂ ಕಟ್ಟಬೇಕು. ಹಾಗಾಗಿ ಇನ್ನೊಂದಿಷ್ಟು ಸೇವೆ ಸೇರಿಸಿದರೆ ಅದರ ದುಡ್ಡೆಲ್ಲ ಲಾಭವೇ ಎಂದು ಅನ್ನಿಸುವುದು ಸಹಜ. ಅದು ಅರ್ಧ ಮಾತ್ರ ನಿಜ.

ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ನಾಣ್ಯ ಹಾಕುವ ಲಾಂಡ್ರಿಗಳಿಗೆ ಬರೆದದ್ದು. ಅಲ್ಲಿ ಗಿರಾಕಿ ತಾನೇ ಬಟ್ಟೆ ಹಾಕಿ, ಒಣಗುವ ತನಕ ಅಲ್ಲೇ ಕೂರುತ್ತಾನೆ. ಕುಳಿತವನಿಗೆ ತಿಂಡಿ, ತಂಪು ಪಾನೀಯ, ಸೋಪಿನ ಪುಡಿ ಮಾರುವ ಯಂತ್ರ ಇಟ್ಟರೆ ನಡೆಯುತ್ತದೆ. ನಮ್ಮಲ್ಲಿ ಗಿರಾಕಿ ಚೀಲ ಇಟ್ಟು, ಚೀಟಿ ತೆಗೆದುಕೊಂಡು, ಎರಡು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಇಲ್ಲಿ ಮಾರಬೇಕಾದದ್ದು ಆ ಚೀಲದೊಳಗೆ ಇರುವ, ಅಥವಾ ಅವರ ಮನೆಯ ಬೀರುವಿನಲ್ಲಿ ಉಳಿದಿರುವ ಬಟ್ಟೆಗೆ ಸಂಬಂಧಿಸಿದ ಕೆಲಸ.

ಮೊದಲು ಅಡ್ಡಿ ಎಲ್ಲಿದೆ ನೋಡಿ

ಒಗೆಯಲು 40 ನಿಮಿಷ, ಒಣಗಿಸಲು 50 ನಿಮಿಷ ಎಂದು ಹಿಡಿಯಿರಿ. ಎರಡು ವಾಷಿಂಗ್ ಮಷಿನ್ ಸೇರಿ ಗಂಟೆಗೆ 30 ಕೆ.ಜಿ. ಒಗೆಯುತ್ತವೆ, ಡ್ರೈಯರ್ ಒಣಗಿಸುವುದು 12 ಕೆ.ಜಿ. ಮಾತ್ರ. ಅಂದರೆ ಅಂಗಡಿಯ ದುಡಿಮೆ ನಿರ್ಧರಿಸುವುದು ಡ್ರೈಯರ್. ಮಾಳಿಗೆಯ ಮೇಲೆ ಹಗ್ಗ ಕಟ್ಟುವ ಜಾಗವಿದ್ದರೆ ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಸಿಗುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ.

ಹೊಸ ಸೇವೆಗೆ ಮುಂಚೆ ಮಾಡಬೇಕಾದ ಒಂದು ಪುಕ್ಕಟೆ ಕೆಲಸವಿದೆ: ಸ್ಪಿನ್ ವೇಗ ನೋಡಿ. ನಿಮಿಷಕ್ಕೆ 800 ಸುತ್ತಿನಲ್ಲಿ ಹಿಂಡಿದ 10 ಕೆ.ಜಿ. ಹತ್ತಿ ಬಟ್ಟೆಯಲ್ಲಿ ಸುಮಾರು 7 ಲೀಟರ್ ನೀರು ಉಳಿದಿರುತ್ತದೆ, 1000 ಸುತ್ತಿನಲ್ಲಿ ಸುಮಾರು 6. ಒಂದು ಲೀಟರ್ ನೀರನ್ನು ಆವಿ ಮಾಡಲು ಕನಿಷ್ಠ 0.63 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು, ಸೋರಿಕೆ ಸೇರಿದರೆ ಇನ್ನೂ ಹೆಚ್ಚು. ಆ ಒಂದು ಲೀಟರ್ ಕಮ್ಮಿಯಾದರೆ ಪ್ರತಿ ಲೋಡಿಗೆ ಸುಮಾರು 7 ನಿಮಿಷ ಡ್ರೈಯರ್ ಖಾಲಿ ಸಿಗುತ್ತದೆ. ಡ್ರೈಯರಿನ ನೂಲುಜಾಳಿಯನ್ನು (ಲಿಂಟ್ ಫಿಲ್ಟರ್) ಪ್ರತಿ ಲೋಡ್ ಆದಮೇಲೆ ತೆಗೆದು ಒರೆಸುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಜಾಳಿ ಕಟ್ಟಿದರೆ ಗಾಳಿ ಹೋಗದು, ಸಮಯ ಬೆಳೆಯುತ್ತದೆ, ಬೆಂಕಿಯ ಭಯವೂ ಇದೆ.

ಈಗ ಸೇವೆಗಳನ್ನು ತೂಗುವ ಕ್ರಮ. ಬೆಲೆಯಿಂದ ಆ ಕೆಲಸಕ್ಕೆಂದೇ ಆಗುವ ಖರ್ಚನ್ನು (ಸೋಪು, ನೀರು, ಕರೆಂಟು, ಕವರ್, ಹೊರಗೆ ಕೊಡುವ ಕೂಲಿ) ಕಳೆಯಿರಿ. ಉಳಿದದ್ದನ್ನು ಅದು ಹಿಡಿಯುವ ಡ್ರೈಯರ್ ನಿಮಿಷಗಳಿಂದ ಭಾಗಿಸಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ಬಡಾವಣೆಯ ದರ ಹಾಕಿಕೊಳ್ಳಿ.

ಮಾಮೂಲಿ ಬಟ್ಟೆ: 10 ಕೆ.ಜಿ.ಗೆ ಕೆ.ಜಿ.ಗೆ 70 ರೂ.ನಂತೆ 700, ಖರ್ಚು 200, ಉಳಿಕೆ 500. 50 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ 10 ರೂ.

ಡಬಲ್ ರಜಾಯಿ: 350 ರೂ., ಖರ್ಚು 80, ಉಳಿಕೆ 270. ಒಂದೇ ಹಾಕಬೇಕು, ಕಡಿಮೆ ಶಾಖ, 90 ನಿಮಿಷ. ನಿಮಿಷಕ್ಕೆ 3 ರೂ.

ಸೀರೆ ಪಾಲಿಶ್ (ರೋಲಿಗೆ ಸುತ್ತಿ ಹೊಳಪು ಕೊಡುವುದು): 120 ರೂ., ಕಾರ್ಖಾನೆಗೆ ಕೊಡುವುದು 70, ಉಳಿಕೆ 50. ಡ್ರೈಯರ್ ನಿಮಿಷ ಸೊನ್ನೆ.

ಶನಿವಾರದ ನೂಕುನುಗ್ಗಲಿನಲ್ಲಿ ಒಂದು ರಜಾಯಿ ಒಣಗಿಸಿದರೆ 270 ಬಂತು ಎಂದು ಖುಷಿಪಡುವ ಹೊತ್ತಿಗೆ 900 ರೂ. ದುಡಿಯಬಹುದಾಗಿದ್ದ ಹೊತ್ತು ಹೋಗಿರುತ್ತದೆ. ಅದೇ ರಜಾಯಿ ಬುಧವಾರ ಸಂಜೆ ಡ್ರೈಯರ್ ಖಾಲಿ ಇದ್ದಾಗ ಹೋದರೆ 270 ಪೂರ್ತಿ ಲಾಭ. ಆದ್ದರಿಂದ ರಜಾಯಿ ಬೇಡ ಎನ್ನಬೇಕಿಲ್ಲ, ತಲುಪಿಸುವ ದಿನ ನಾಲ್ಕೈದು ದಿನ ಮುಂದಕ್ಕೆ ಬರೆದರೆ ಸಾಕು. ಅರ್ಜೆಂಟ್ ಬೇಕೆಂದವರಿಗೆ ದರ ಬೇರೆ, ಮತ್ತು ಅದು ಮುಜುಗರಪಡದೆ ಹೇಳಬೇಕಾದ ದರ.

ರಜಾಯಿ, ಪರದೆ, ಕಂಬಳಿ

ಹತ್ತಿ ತುಂಬಿದ ಹಳೆಯ ರಜಾಯಿ ತೆಗೆದುಕೊಳ್ಳಬೇಡಿ. ನೀರು ಕುಡಿದ ಹತ್ತಿ ಉಂಡೆಗಟ್ಟುತ್ತದೆ, ಸ್ಪಿನ್‌ನಲ್ಲಿ ಭಾರ ಒಂದೇ ಕಡೆ ಬಿದ್ದು ಮಷಿನ್ ಕುಣಿಯುತ್ತದೆ. ಪಾಲಿಯೆಸ್ಟರ್ ತುಂಬಿ ಅಡ್ಡಡ್ಡ ಹೊಲಿಗೆ ಹಾಕಿದ್ದು ಮಾತ್ರ ಸರಿ. ಇದರಲ್ಲಿ ತೂಕ ನೋಡಬಾರದು, ಗಾತ್ರ ನೋಡಬೇಕು: ಡ್ರಮ್ಮಿಗೆ ಹಾಕಿದ ಮೇಲೆ ಮೇಲ್ಗಡೆ ಒಂದು ಗೇಣು ಜಾಗ ಉಳಿಯದಿದ್ದರೆ ಒಳಗಿನ ಮಡಿಕೆಗೆ ನೀರೇ ಮುಟ್ಟುವುದಿಲ್ಲ. ಸೋಪು ಮಾಮೂಲಿಗಿಂತ ಕಡಿಮೆ, ಜಾಲಿಸುವುದು ಒಂದು ಸುತ್ತು ಹೆಚ್ಚು. ಒಣಗಿಸುವಾಗ ಅರ್ಧ ಹೊತ್ತಿಗೆ ಹೊರತೆಗೆದು ಕೊಡವಿ, ತಿರುಗಿಸಿ ಹಾಕಿ. ಮುಟ್ಟಿ ನೋಡಬೇಕಾದದ್ದು ಮೂಲೆ ಮತ್ತು ಹೊಲಿಗೆ ಸಾಲು. ಮೈ ಒಣಗಿದ್ದರೂ ಅಲ್ಲಿ ತೇವ ಉಳಿದಿರುತ್ತದೆ, ಕವರಿನಲ್ಲಿ ಎರಡು ದಿನ ಇಟ್ಟರೆ ಮುಗ್ಗಲು ವಾಸನೆ ಬಂದು ಗಿರಾಕಿ ವಾಪಸು ತರುತ್ತಾರೆ.

ಪರದೆಯ ಬೇಡಿಕೆ ಯುಗಾದಿ, ದೀಪಾವಳಿಯ ಮುಂಚೆ ಏರುತ್ತದೆ. ಕೊಕ್ಕೆ ತೆಗೆದು ಎಣಿಸಿ ಬೇರೆ ಚೀಲದಲ್ಲಿ ಹಾಕಿ ಅದೇ ಚೀಟಿ ಸಂಖ್ಯೆ ಬರೆಯಿರಿ. ಪರದೆಗೆ ಡ್ರೈಯರ್ ಬೇಡವೇ ಬೇಡ. ಹಿಂಡಿದ ಮೇಲೆ ಕೋಲಿಗೆ ತೂಗುಹಾಕಿದರೆ ತನ್ನ ಭಾರಕ್ಕೇ ಸುಕ್ಕು ಬಿಡುತ್ತದೆ. ಹಾಗಾಗಿ ಈ ಪಟ್ಟಿಯಲ್ಲಿ ಪರದೆ ನನಗೆ ರಜಾಯಿಗಿಂತ ಮೇಲು.

ಸೀರೆ: ಜಾಗ ಬೇಡ, ಜಾಗ್ರತೆ ಬೇಕು

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಸೇರಿಸಬೇಕಾದ ಮೊದಲ ಸೇವೆ ಇದೇ. ಮಾರತ್ತಹಳ್ಳಿಯ ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಸಾಲಿನಲ್ಲಿ ಇದಕ್ಕೆ ಬೋರ್ಡು ಹಾಕಿ ಕೂತರೆ ಕೂತೇ ಇರಬೇಕಾಗುತ್ತದೆ.

ಡ್ರೈ ಕ್ಲೀನಿಂಗ್ ಮಷಿನ್, ರೋಲ್ ಪಾಲಿಶ್ ಯಂತ್ರ ಸಣ್ಣ ಅಂಗಡಿ ಕೊಳ್ಳುವಂಥದ್ದಲ್ಲ. ಕಾರ್ಖಾನೆಯವರಿಗೆ ಒಪ್ಪಿಸಿ ಕಮಿಷನ್ ಉಳಿಸಿಕೊಳ್ಳುವುದೇ ಸರಿ. ನಿಮ್ಮ ಕೆಲಸವೆಲ್ಲ ಕೌಂಟರಿನಲ್ಲಿ, ಸೀರೆ ಬಂದ ಆ ಐದು ನಿಮಿಷದಲ್ಲಿ. ಗಿರಾಕಿಯ ಎದುರಿಗೇ ಪೂರ್ತಿ ಬಿಚ್ಚಿ. ಸೆರಗು, ಅಂಚು, ಒಡಲು ನೋಡಿ ಕಲೆ, ಹರಿದದ್ದು, ಜರಿ ಕಪ್ಪಾದದ್ದು ಚೀಟಿಯಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳಿರುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಪಾಲಿಶ್‌ನಲ್ಲಿ ಸೀರೆಯನ್ನು ಬಿಗಿಯಾಗಿ ಎಳೆದು ರೋಲಿಗೆ ಸುತ್ತುವುದರಿಂದ ಆ ಗೆರೆ ಪೂರ್ತಿ ಹರಿಯುತ್ತದೆ. ಅಂಥದ್ದಕ್ಕೆ ಪಾಲಿಶ್ ಬೇಡವೆಂದು ಹೇಳಿಬಿಡಿ. ಕಲ್ಲು, ಮಣಿ, ಎದ್ದು ಕಾಣುವ ಕಸೂತಿ ಇದ್ದರೂ ಅಷ್ಟೇ. ಕಲೆ ಇದ್ದ ಸೀರೆಯನ್ನು ಕಲೆ ತೆಗೆಸದೆ ಪಾಲಿಶ್‌ಗೆ ಕಳಿಸಿದರೆ ಶಾಖಕ್ಕೆ ಕಲೆ ಕೂತುಬಿಡುತ್ತದೆ.

ಮೈಸೂರು ಸಿಲ್ಕ್ ಹೆಚ್ಚು ತಿರುವು ಕೊಟ್ಟ ನೂಲಿನ ಕ್ರೇಪ್. ನೀರು ಬಿದ್ದರೆ ಮುದುಡುತ್ತದೆ. ಡ್ರೈ ಕ್ಲೀನಿಂಗ್ ಒಂದೇ ದಾರಿ. ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣವಿರುವ ಕಾಂಚೀಪುರಂ ಸೀರೆಯಲ್ಲಿ ಬಣ್ಣ ಬಿಡುವ ಭಯ ಹೆಚ್ಚು. ಒದ್ದೆ ಬಿಳಿ ಬಟ್ಟೆಯನ್ನು ಒಳತುದಿಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಕಿಣ್ವ (ಎಂಜೈಮ್) ಬೆರೆತ ಸೋಪಿನ ಪುಡಿ ರೇಷ್ಮೆಗೆ, ಉಣ್ಣೆಗೆ ಸೋಕಬಾರದು. ರಕ್ತ, ಹಾಲಿನ ಕಲೆಯನ್ನು ಕರಗಿಸುವ ಕಿಣ್ವಕ್ಕೆ ರೇಷ್ಮೆಯೂ ಪ್ರೋಟೀನೇ. ಕ್ಲೋರಿನ್ ಬ್ಲೀಚ್ ಅಂತೂ ಎರಡನ್ನೂ ಹಳದಿಯಾಗಿಸಿ ಹಾಳುಮಾಡುತ್ತದೆ.

ಸೀರೆಯ ಜೊತೆಗೇ ಬರುವ ಕೆಲಸಗಳು ಫಾಲ್, ಜಿಗ್‌ಜಾಗ್, ಕುಚ್ಚು, ಮತ್ತು ಈಚೆಗೆ ಮದುವೆ ಮನೆಗಳಲ್ಲಿ ಕೇಳುವ ಪ್ರೀ-ಪ್ಲೀಟಿಂಗ್, ಅಂದರೆ ನೆರಿಗೆ, ಸೆರಗು ಮೊದಲೇ ಹಿಡಿದು ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ಮಡಚಿಕೊಡುವುದು. ಇದಕ್ಕೆ ಸೊಂಟದ ಅಳತೆ, ಎತ್ತರ, ಸೆರಗು ಎಷ್ಟುದ್ದ ಬೇಕು ಎಂಬ ಮೂರನ್ನೂ ಬರೆಸಿಕೊಳ್ಳದಿದ್ದರೆ ಮುಹೂರ್ತದ ದಿನ ಫೋನು ಬರುತ್ತದೆ. ಹತ್ತಿಯ ಫಾಲ್ ಬಟ್ಟೆಯನ್ನು ಹಚ್ಚುವ ಮುಂಚೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಲೇಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಈ ಕೆಲಸಕ್ಕೆ ಅಕ್ಕಪಕ್ಕದ ಮನೆಯಲ್ಲಿ ಹೊಲಿಯುವ ಹೆಂಗಸರು ಸಿಗುತ್ತಾರೆ, ತುಂಡಿನ ಲೆಕ್ಕಕ್ಕೆ ಮಾತಾಡಿಕೊಳ್ಳಿ.

ಆಷಾಢ, ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ಸೀರೆ ಕೆಲಸ ಇಳಿಯುತ್ತದೆ. ಆದರೆ ಆಷಾಢ ಮಳೆಯ ಕಾಲ, ಬಟ್ಟೆ ಒಣಗದ ಮನೆಗಳು ಡ್ರೈಯರನ್ನು ತುಂಬಿಸುತ್ತವೆ. ಶ್ರಾವಣದ ವರಮಹಾಲಕ್ಷ್ಮಿಯಿಂದ ಸೀರೆ ಮತ್ತೆ ಶುರು.

ಕಲೆ ತೆಗೆಯುವುದು

ಇದನ್ನು ಪುಕ್ಕಟೆ ಮಾಡಬೇಡಿ. ಕಲೆಗಿಷ್ಟು ಎಂದು ದರ ಇಡಿ, ಹೋಗುವ ಖಾತ್ರಿ ಮಾತ್ರ ಕೊಡಬೇಡಿ. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಸೋಪಿನ ಕ್ಷಾರಕ್ಕೆ ಹಾಗಾಗುವುದು, ಗಾಬರಿ ಬೇಡ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಬಿಳಿ ಹತ್ತಿಯಲ್ಲಿ ಬಹುಪಾಲು ಮಾಸಿಹೋಗುತ್ತದೆ. ಬಣ್ಣದ ಬಟ್ಟೆಗೆ ಈ ಬಿಸಿಲಿನ ಉಪಾಯ ಹೊಂದದು. ರಕ್ತ, ಹಾಲು, ಮೊಟ್ಟೆಗೆ ತಣ್ಣೀರೇ ಬೇಕು. ಬಿಸಿನೀರು ಹಾಕಿದರೆ ಬೆಂದು ಅಂಟುತ್ತದೆ. ತುಕ್ಕಿನ ಕಲೆಗೆ ಬ್ಲೀಚ್ ಹಾಕುವುದು ಅತಿ ಸಾಮಾನ್ಯ ತಪ್ಪು, ಅದರಿಂದ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ತುಕ್ಕಿಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಬೇಕು. ಅದು ವಿಷ, ಕೈಗವಸು ಹಾಕಿ, ಬೇರೆ ಡಬ್ಬದಲ್ಲಿ ಹೆಸರು ಬರೆದಿಡಿ. ಯಾವ ಕಲೆಯೇ ಇರಲಿ, ಹೋಗಿದೆ ಎಂದು ಕಣ್ಣಾರೆ ನೋಡುವ ತನಕ ಡ್ರೈಯರಿಗೆ ಹಾಕಬಾರದು.

ಬೋರ್‌ವೆಲ್ ನೀರಿನ ಬಡಾವಣೆಯಲ್ಲಿ ಇನ್ನೊಂದು ತೊಡಕಿದೆ. ಗಡಸು ನೀರು ಸೋಪನ್ನು ತಿಂದುಹಾಕುತ್ತದೆ, ಬಿಳಿ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬಿಳಿ ಅಂಗಿಗೆ ವಿಶೇಷ ಒಗೆತ ಎಂದು ಹೆಚ್ಚು ದರ ಕೇಳುವವರು ಮೊದಲು ನೀರಿನ ಸಾಫ್ಟ್‌ನರ್ ಹಾಕಿಸಿಕೊಳ್ಳಬೇಕು.

ಸಲೂನ್, ಸ್ಪಾ ಟವೆಲ್: ಒಳ್ಳೆಯ ಗಿರಾಕಿ, ಆದರೆ ಬೆಂಕಿ

ವಾರದ ಮಧ್ಯದ ಖಾಲಿ ಹೊತ್ತನ್ನು ತುಂಬಲು ಸಲೂನ್, ಜಿಮ್ ಟವೆಲ್‌ಗಿಂತ ಒಳ್ಳೆಯದಿಲ್ಲ. ಒಂದೇ ಬಗೆ, ಇಸ್ತ್ರಿ ಇಲ್ಲ, ದಿನವೂ ಬರುತ್ತದೆ. ಮಸಾಜ್ ಕೇಂದ್ರದ ಟವೆಲ್ ಬೇರೆ ಮಾತು. ಎಳ್ಳೆಣ್ಣೆಯಂಥ ಸಸ್ಯತೈಲ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ತಾನೇ ಬಿಸಿಯಾಗುತ್ತದೆ. ಪೂರ್ತಿ ಹೋಗದ ಎಣ್ಣೆಯ ಟವೆಲ್ಲನ್ನು ಡ್ರೈಯರಿನಿಂದ ಬಿಸಿಬಿಸಿಯಾಗಿ ತೆಗೆದು ಒಟ್ಟಿದರೆ ಆ ಬಿಸಿ ಹೊರಹೋಗಲಾರದೆ, ಗಂಟೆಗಳ ನಂತರ, ಅಂಗಡಿ ಮುಚ್ಚಿದ ಮೇಲೆ ಹೊತ್ತಿಕೊಳ್ಳಬಹುದು. ಇಂಥ ಟವೆಲ್ಲಿಗೆ 60 ಡಿಗ್ರಿ ನೀರು, ವಾಷಿಂಗ್ ಸೋಡಾ ಸೇರಿಸಿದ ಒಗೆತ, ಬೇಕಾದರೆ ಎರಡು ಸಲ. ಮೂಸಿ ನೋಡಿ ಎಣ್ಣೆ ವಾಸನೆ ಇದ್ದರೆ ಡ್ರೈಯರಿಗೆ ಹಾಕದೆ ಹಗ್ಗದ ಮೇಲೆ ಹಾಕಿ. ಡ್ರೈಯರಿನ ಕೊನೆಯ ತಣ್ಣಗಾಗುವ ಹತ್ತು ನಿಮಿಷವನ್ನು ಅವಸರಕ್ಕೆ ಕತ್ತರಿಸಬೇಡಿ, ತೆಗೆದದ್ದನ್ನು ಹರಡಿ ಆರಿಸಿ.

ಆಸ್ಪತ್ರೆ, ಕ್ಲಿನಿಕ್ ಬಟ್ಟೆ ಮನೆಬಟ್ಟೆಯ ಮಷಿನ್ನಿಗೆ ಬರಲೇಬಾರದು, ದರ ಎಷ್ಟೇ ಹೇಳಲಿ.

ಶೂ, ಇಸ್ತ್ರಿ, ಮನೆಯಿಂದ ತರುವುದು

ಶೂ ಒಗೆತಕ್ಕೂ ಡ್ರೈಯರ್ ನಿಮಿಷ ಸೊನ್ನೆ, ಶಾಖಕ್ಕೆ ಅಂಟು ಬಿಟ್ಟು ತಳ ಕಳಚುವುದರಿಂದ ಸೊನ್ನೆಯೇ ಆಗಿರಬೇಕು. ಲೇಸು, ಒಳಪಟ್ಟಿ ತೆಗೆದು, ಒಣ ಬ್ರಷ್‌ನಲ್ಲಿ ಮಣ್ಣು ಉದುರಿಸಿ, ಆಮೇಲೆ ಮೆದು ಸೋಪು. ಬಿಳಿ ಕ್ಯಾನ್‌ವಾಸ್ ಒಣಗಿದ ಮೇಲೆ ಹಳದಿಯಾಗುವುದು ಸೋಪು ಉಳಿದದ್ದರಿಂದ. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ, ಬಿಳಿ ಟಿಶ್ಯೂ ಸುತ್ತಿ ನೆರಳಲ್ಲಿ ಒಣಗಿಸಿ. ಒಳಗೆ ತುರುಕಲು ಸುದ್ದಿಪತ್ರಿಕೆ ಬೇಡ, ಮಸಿ ಹತ್ತುತ್ತದೆ. ಸ್ವೇಡ್ (ಮಖಮಲ್ಲಿನಂತಿರುವ ಚರ್ಮದ) ಶೂ ಬಂದರೆ ಕೈಮುಗಿದು ಕಳಿಸಿ.

ಇಸ್ತ್ರಿಯಲ್ಲಿ ಒಬ್ಬರು ಗಂಟೆಗೆ ಸುಮಾರು 20 ಅಂಗಿ ಮಾಡಬಲ್ಲರು ಎಂದಿಟ್ಟುಕೊಂಡರೆ, ಸಂಜೆಯ ಹೊತ್ತಿಗೆ ಅಡ್ಡಿ ಡ್ರೈಯರಿನಿಂದ ಮೇಜಿಗೆ ಬಂದಿರುತ್ತದೆ. ಆಗ ಬೀದಿಯ ಇಸ್ತ್ರಿ ಗಾಡಿಯವರ ಜೊತೆ ಪೈಪೋಟಿಗಿಂತ ಪಾಲುದಾರಿಕೆ ಲೇಸು: ಹೆಚ್ಚಾದದ್ದನ್ನು ತುಂಡಿನ ದರಕ್ಕೆ ಅವರಿಗೇ ಒಪ್ಪಿಸಿ.

ಮನೆಯಿಂದ ತಂದು ಮನೆಗೆ ಕೊಡುವ ಸೇವೆಯಲ್ಲಿ ಒಂದು ಆರ್ಡರಿಗೆ ಎರಡು ಸಲ ಹೋಗಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಹುಡುಗನ ಕೂಲಿ, ಪೆಟ್ರೋಲು ಸೇರಿ ಗಂಟೆಗೆ 160 ರೂ., ಗಂಟೆಗೆ ನಾಲ್ಕು ಮನೆ ಎಂದರೆ ಮನೆಗೆ 40, ಆರ್ಡರಿಗೆ 80. ಮೂರು ಕೆ.ಜಿ.ಯ ಉಳಿಕೆ 150ರಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆಗೇ ಹೋಯಿತು. ಐದು ಕೆ.ಜಿ.ಗೆ ಕಡಿಮೆ ಇದ್ದರೆ ತರುವ ಕೂಲಿ ಕೇಳಿ. ಪಿ.ಜಿ.ಯಲ್ಲಿ ಒಂದೇ ಬಾಗಿಲಲ್ಲಿ ಹದಿನೈದು ಚೀಲ ಸಿಗುವುದರಿಂದ ಲೆಕ್ಕವೇ ಬದಲಾಗುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಸಂಖ್ಯೆ ಹಾಕಿದ ಜಾಳಿಗೆ ಚೀಲ ಕೊಟ್ಟು ಚೀಲದ ಸಮೇತ ಒಗೆಯಬಹುದು. ಮೂರನೇ ಎರಡು ಭಾಗಕ್ಕಿಂತ ತುಂಬಿದರೆ ನಡುವಿನ ಬಟ್ಟೆ ಕೊಳೆಯಾಗಿಯೇ ಉಳಿಯುತ್ತದೆ, ಮತ್ತು ಹೊಸ ಜೀನ್ಸ್ ಬಣ್ಣ ಬಿಡುವುದರಿಂದ ಬೇರೆ ಲೋಡಿಗೆ ಹೋಗಬೇಕು.

ಅದೇ ಜಾಳಿಗೆ ಚೀಲ, ನೂಲು ತೆಗೆಯುವ ರೋಲರ್, ಸೀರೆ ಕವರ್, ಗಂಜಿ ಪುಡಿ ಕೌಂಟರಿನಲ್ಲಿ ಮಾರಬಹುದು. ಲಾಭ ಸಣ್ಣದು, ಒಂದು ಗೂಡಿಗಿಂತ ಹೆಚ್ಚು ಜಾಗ ಕೊಡಬೇಡಿ.

ತಕ್ಕಡಿ ಮತ್ತು ತೆರಿಗೆ

ಕೆ.ಜಿ. ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿವರ್ಷ. ಪೊಟ್ಟಣದ ಸಾಮಾನನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವಂತಿಲ್ಲ. ಸಗಟು ಸೋಪಿನ ಪುಡಿಯನ್ನು ಒಡೆದು ನಿಮ್ಮ ಹೆಸರಿನ ಪೊಟ್ಟಣ ಕಟ್ಟಿದರೆ ತೂಕ, ಬೆಲೆ, ಕಟ್ಟಿದವರ ವಿಳಾಸ ಮುದ್ರಿಸುವ ಹೊಣೆ ನಿಮ್ಮದಾಗುತ್ತದೆ.

ಜಿಎಸ್‌ಟಿ ನೋಂದಣಿಯ ಮಿತಿ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ., ಸೇವೆಗೆ 20 ಲಕ್ಷ. ಗೂಡಿನಲ್ಲಿ ನಾಲ್ಕು ಸಾಮಾನು ಇಟ್ಟ ಮಾತ್ರಕ್ಕೆ ಲಾಂಡ್ರಿಗೆ 40 ಲಕ್ಷದ ಮಿತಿ ಸಿಗದು, ಸೇವೆ ಮತ್ತು ಮಾರಾಟ ಎರಡರ ಒಟ್ಟು ಮೊತ್ತವನ್ನೇ 20 ಲಕ್ಷಕ್ಕೆ ಹೋಲಿಸುತ್ತಾರೆ. ಡ್ರೈ ಕ್ಲೀನಿಂಗ್‌ಗೆ ಗಿರಾಕಿಯಿಂದ ನೀವು ಪಡೆದ ಪೂರ್ತಿ ಹಣ ಈ ಮೊತ್ತಕ್ಕೆ ಸೇರುತ್ತದೆ, ಕಾರ್ಖಾನೆಗೆ ಕೊಟ್ಟು ಉಳಿದದ್ದಷ್ಟೇ ಅಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದ್ದರೆ ಸಾಕು: ಅಂಗಡಿಯ ಯುಪಿಐ ಖಾತೆಯನ್ನು ಮನೆಯ ಲೇವಾದೇವಿಯಿಂದ ಬೇರೆ ಇಡಿ, ಒಂದೊಂದು ಸೇವೆಯ ಜಮೆಯನ್ನೂ ಬೇರೆ ಕಾಲಂನಲ್ಲಿ ಬರೆಯಿರಿ.