ಇಪ್ಪತ್ತು ಲಿನಕ್ಸ್ ಯಂತ್ರಗಳಿಗೆ ಒಂದೇ ಸರ್ವರ್‌ನಿಂದ ಪ್ಯಾಕೇಜ್ ಹಾಕುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿ ಇಪ್ಪತ್ತು ಲಿನಕ್ಸ್ ಯಂತ್ರಗಳಿವೆ. ಕೆಲವು ಉಬುಂಟು, ಕೆಲವು ರಾಕಿ ಲಿನಕ್ಸ್. ಒಂದೊಂದಕ್ಕೂ ಲಾಗಿನ್ ಆಗಿ ಅಪ್‌ಡೇಟ್ ಮಾಡಿ ಸಾಕಾಗಿದೆ. ಒಂದೇ ಕಡೆ ಕೂತು ಎಲ್ಲವನ್ನೂ ನೋಡಿಕೊಳ್ಳಲು ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಇಷ್ಟು ಯಂತ್ರಗಳಿಗೆ ನನ್ನ ಸಲಹೆ ಆನ್ಸಿಬಲ್ ಎಂಬ ಸಾಧನ, ಅದರ ಜೊತೆಗೆ ನಿಮ್ಮದೇ ಒಂದು ಪ್ಯಾಕೇಜ್ ರೆಪೊಸಿಟರಿ, ಅಂದರೆ ಯಂತ್ರಗಳು ಪ್ಯಾಕೇಜ್ ಇಳಿಸಿಕೊಳ್ಳುವ ಸಂಗ್ರಹ. ಈ ಎರಡನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ತಲೆನೋವು ಶುರುವಾಗೋದೇ ಅಲ್ಲಿಂದ.

ಆನ್ಸಿಬಲ್ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ ಕೆಲಸ ಮಾಡುತ್ತದೆ. ಯಂತ್ರಗಳಲ್ಲಿ ಬೇರೆ ಏಜೆಂಟ್ (ಸದಾ ಓಡುತ್ತಿರುವ ಸಹಾಯಕ ಪ್ರೋಗ್ರಾಮ್) ಬೇಕಿಲ್ಲ, ಪೈಥಾನ್ ಇದ್ದರೆ ಸಾಕು. ಯಂತ್ರಗಳ ಪಟ್ಟಿ ಒಂದು ಫೈಲಿನಲ್ಲಿರುತ್ತದೆ, ಯಾವ ಪ್ಯಾಕೇಜ್ ಇರಬೇಕು ಅನ್ನೋದು ಪ್ಲೇಬುಕ್ ಎಂಬ ಇನ್ನೊಂದು ಫೈಲಿನಲ್ಲಿ. 'ಇರಬೇಕು' ಎಂದಷ್ಟೇ ಬರೆದಿದ್ದರೆ, ಆಗಲೇ ಇರುವ ಪ್ಯಾಕೇಜನ್ನು ಅದು ಮುಟ್ಟುವುದಿಲ್ಲ. ಪ್ಯಾಕೇಜ್ ಹಾಕುವ ಕಮಾಂಡ್ ಉಬುಂಟುಗೆ ಆಪ್ಟ್, ರಾಕಿಗೆ ಡಿಎನ್‌ಎಫ್ ಎಂದು ತಾನೇ ಆರಿಸಿಕೊಳ್ಳುವ ಮಾಡ್ಯೂಲ್ ಕೂಡ ಇದೆ. ಆದರೆ ಪ್ಯಾಕೇಜಿನ ಹೆಸರನ್ನು ನೀವೇ ಸರಿಯಾಗಿ ಕೊಡಬೇಕು. ಒಂದೇ ವೆಬ್ ಸರ್ವರ್ ಉಬುಂಟುವಿನಲ್ಲಿ ಅಪಾಚೆ2, ರಾಕಿಯಲ್ಲಿ ಎಚ್‌ಟಿಟಿಪಿಡಿ. ಇನ್ನೊಂದು ವಿಷಯ: ಆ ಹೊತ್ತಿಗೆ ಆಫ್ ಆಗಿರುವ ಯಂತ್ರ ತಪ್ಪಿಹೋಗುತ್ತದೆ. ಆಗಾಗ ಆಫ್ ಆಗುವ ಲ್ಯಾಪ್‌ಟಾಪ್‌ಗಳೇ ಜಾಸ್ತಿ ಇದ್ದರೆ ಇಂಥದ್ದೇ ಇನ್ನೊಂದು ಸಾಧನವಾದ ಪಪೆಟ್ ವಾಸಿ. ಅದರ ಏಜೆಂಟ್ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ತಾನಾಗಿಯೇ ಸರ್ವರನ್ನು ಕೇಳಿಕೊಂಡು ಬರುತ್ತದೆ.

ಈಗ ರೆಪೊಸಿಟರಿ ವಿಷಯ. ಬೆಳಗ್ಗೆ ಹತ್ತು ಯಂತ್ರ ಅಪ್‌ಡೇಟ್ ಮಾಡಿದಿರಿ, ಉಳಿದ ಹತ್ತನ್ನು ಮರುದಿನ. ನಡುವೆ ಹೊರಗಿನ ರೆಪೊಸಿಟರಿಗೆ ಹೊಸ ಆವೃತ್ತಿ ಬಂತು. ಅದೇ ಪ್ಲೇಬುಕ್, ಅದೇ ಕಮಾಂಡ್, ಆದರೂ ಯಂತ್ರಗಳು ಎರಡು ಬೇರೆ ಆವೃತ್ತಿಗಳಲ್ಲಿ ನಿಂತವು. ಒಂದರಲ್ಲಿ ಓಡುವ ಪ್ರೋಗ್ರಾಮ್ ಇನ್ನೊಂದರಲ್ಲಿ ಯಾಕೆ ಕೆಡುತ್ತದೆ ಎಂದು ಹುಡುಕಲು ಆಮೇಲೆ ಎಷ್ಟು ಒದ್ದಾಟ ಅಲ್ವಾ?

ಇದಕ್ಕೆ ಪರಿಹಾರ ಸ್ನ್ಯಾಪ್‌ಶಾಟ್. ಉಬುಂಟುವಿನ ಡೆಬ್ ಪ್ಯಾಕೇಜುಗಳಿಗೆ ಆಪ್ಟ್‌ಲಿ, ರಾಕಿಯ ಆರ್‌ಪಿಎಂಗೆ ಪಲ್ಪ್ ಬಳಸಿ ಹೊರಗಿನ ರೆಪೊಸಿಟರಿಯ ನಕಲು ಇಟ್ಟುಕೊಳ್ಳಿ. ಅದರ ಇವತ್ತಿನ ಸ್ಥಿತಿಯನ್ನು ಹಾಗೆಯೇ ಹಿಡಿದಿಡಿ. ಮೊದಲು ಎರಡು ಮೂರು ಪರೀಕ್ಷಾ ಯಂತ್ರಗಳಿಗೆ ಅದನ್ನು ಕೊಡಿ. ಕೆಲವು ದಿನ ಸರಿಯಾಗಿ ನಡೆದರೆ ಉಳಿದವಕ್ಕೂ ಅದೇ ಸ್ನ್ಯಾಪ್‌ಶಾಟ್. ಆಗ ಪರೀಕ್ಷಿಸಿದ್ದೂ ಕೊನೆಗೆ ಹಾಕಿದ್ದೂ ಒಂದೇ ಆಗಿರುತ್ತದೆ. ಒಮ್ಮೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಹಂಚುವ ಆಪ್ಟ್-ಕ್ಯಾಚರ್-ಎನ್‌ಜಿ ಹಾಕಿದ್ದೇವಲ್ಲ, ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದು ಡೌನ್‌ಲೋಡ್ ಉಳಿಸುತ್ತದೆ, ಆವೃತ್ತಿಯನ್ನು ಹಿಡಿದಿಡುವುದಿಲ್ಲ.

ಹಳೆಯ ಸ್ನ್ಯಾಪ್‌ಶಾಟ್‌ಗೆ ತಿರುಗಿಸಿದ ಮಾತ್ರಕ್ಕೆ ಪ್ಯಾಕೇಜುಗಳು ಹಿಂದಕ್ಕೆ ಹೋಗುವುದಿಲ್ಲ ಅನ್ನೋದು ನೆನಪಿರಲಿ. ಆಪ್ಟ್ ಸುಮ್ನೆ ಹಿಂದಿನ ಆವೃತ್ತಿಗೆ ಇಳಿಯುವುದಿಲ್ಲ, ನೀವು ಆವೃತ್ತಿ ಹೆಸರಿಸಿ ಹೇಳಬೇಕು. ಡಿಎನ್‌ಎಫ್‌ನಲ್ಲಿ ಡಿಸ್ಟ್ರೊ-ಸಿಂಕ್ ಎಂಬ ಕಮಾಂಡ್ ಈ ಕೆಲಸ ಮಾಡುತ್ತದೆ. ಇನ್ನು ರೆಪೊಸಿಟರಿ ನಮ್ಮದೇ ತಾನೆ ಎಂದು ಜಿಪಿಜಿ ಸಹಿಯ (ಪ್ಯಾಕೇಜ್ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ) ಪರಿಶೀಲನೆಯನ್ನು ದಯವಿಟ್ಟು ಆಫ್ ಮಾಡಬೇಡಿ. ಆಪ್ಟ್‌ಲಿಯಲ್ಲಿ ನಿಮ್ಮದೇ ಕೀಲಿಯಿಂದ ಸಹಿ ಹಾಕಿ, ಅದರ ಪಬ್ಲಿಕ್ ಕೀಯನ್ನು ಎಲ್ಲ ಯಂತ್ರಗಳಿಗೂ ಹಂಚಿ.

ಎಲ್ಲವೂ ಒಂದೇ ವೆಬ್ ಪುಟದಲ್ಲಿ ಕಾಣಬೇಕೆಂದರೆ ಫೋರ್‌ಮನ್ ಜೊತೆ ಕಟೆಲ್ಲೊ ಇದೆ, ಉಯುನಿ ಇದೆ. ಹಳೆಯ ಬರಹಗಳು ಸ್ಪೇಸ್‌ವಾಕ್ ಹಾಕಿ ಎನ್ನುತ್ತವೆ. ಆ ಯೋಜನೆ 2020ರಲ್ಲೇ ನಿಂತಿತು, ಉಯುನಿ ಅದರಿಂದಲೇ ಕವಲೊಡೆದದ್ದು. ಇಪ್ಪತ್ತು ಯಂತ್ರಗಳಿಗೆ ಇವು ಭಾರವೇ.

ಪ್ಯಾಕೇಜ್ ಏರಿತು ಎಂದರೆ ಕೆಲಸ ಮುಗಿಯಲಿಲ್ಲ. ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಹೊಸದಾದರೂ, ಆಗಲೇ ಓಡುತ್ತಿರುವ ಸರ್ವಿಸ್ ಹಳೆಯದನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಉಬುಂಟುವಿನಲ್ಲಿ ನೀಡ್‌ರೀಸ್ಟಾರ್ಟ್, ರಾಕಿಯಲ್ಲಿ ನೀಡ್ಸ್-ರೀಸ್ಟಾರ್ಟಿಂಗ್ ಇದನ್ನು ತೋರಿಸುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದರೆ ಸಾಮಾನ್ಯವಾಗಿ ರೀಬೂಟ್ ಬೇಕೇ ಬೇಕು. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ರೀಬೂಟ್ ಮಾಡಬೇಡಿ. ಪ್ಲೇಬುಕ್‌ನಲ್ಲಿ ಸೀರಿಯಲ್ ಎಂಬ ಆಯ್ಕೆಗೆ 2 ಎಂದು ಕೊಟ್ಟರೆ ಎರಡೆರಡಾಗಿ ಮುಗಿಸುತ್ತದೆ.

ಎಲ್ಲ ಯಂತ್ರಗಳಿಗೂ ರೂಟ್ (ಪೂರ್ಣ) ಅಧಿಕಾರ ಈ ಒಂದು ಸರ್ವರ್‌ನಲ್ಲಿದೆ. ಹಾಗಾಗಿ ಅದರಲ್ಲಿ ವೆಬ್‌ಸೈಟು, ಮೇಲ್ ಏನನ್ನೂ ನಡೆಸಬೇಡಿ. ಎಸ್‌ಎಸ್‌ಎಚ್ ಕೀಲಿಗೆ ಪಾಸ್‌ಫ್ರೇಸ್ ಇಡಿ, ಲಾಗಿನ್ ಬೇಕಾದವರಿಗೆ ಮಾತ್ರ ಕೊಡಿ, ಪ್ಲೇಬುಕ್‌ಗಳನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಟ್ಟು ಅದರ ಬ್ಯಾಕಪ್ ಬೇರೆ ಯಂತ್ರದಲ್ಲಿಡಿ.